ಎರಡೂವರೆ ಅಡಿ ಬೇಲಿ

ಹೆಂಡತಿ ಬಚ್ಚಲಕ್ಕೆ ಹೋಗಿ ಅಗಳಿ ಹಾಕಿಕೊಂಡ ಸಪ್ಪಳ ಕೇಳಿದ ಮೇಲೆ ಸತ್ಯಪ್ಪ ಕಟ್ಟೆಯ ಮೇಲಿದ್ದ ಅವಳ ಹೊರಸಿನಲ್ಲಿ ಮೆಲ್ಲಗೆ ಮಲಗಿದ. ಬೆಳಗಿನ ಎಂಟು ಗಂಟೆ. ಸಾಂಗ್ಲಿ ಪೇಟೆಯಲ್ಲಿ ಜೋಳ, ತೊಗರಿ, ಕಡಲೆಗಳ ಅಂಗಡಿಯಿರುವ, ನಲವತ್ತೇಳು ವರ್ಷದ, ಪಟಕಾ ಸುತ್ತಿದ ಮನುಷ್ಯನೊಬ್ಬ ಮಿರಜದ ಸ್ಟೇಶನ್ ರಸ್ತೆಗೆ ಮುಖ ಮಾಡಿ ಆ ಹೊತ್ತಿನಲ್ಲಿ ಮಲಗುವುದೆಂದರೆ ಅದು ಒಂದು ಸುದ್ದಿಯೇ. ಅದು ಅವನಿಗೂ ಗೊತ್ತಿತ್ತು. ಬೇಗ ಮುಗಿಸಬೇಕಾಗಿತ್ತು. ಅಂಗಳದ ಅಂಚಿಗೆ, ಹುಣಸೆಮರದ ನೆರಳಿನಲ್ಲಿ ಒಂದು ಬಿದಿರ ಕಡ್ಡಿ ಹುಗಿದು, ಅದಕ್ಕೆ ಅರ್ಧ ಅಡಿಗೊಂದರಂತೆ ಕೆಂಪು ದಾರ ಸುತ್ತಿದ್ದ. ಅವಳು ಮಲಗುವ ಹಾಗೆಯೇ ಎಡಮಗ್ಗುಲಾದ, ಅವಳ ದಿಂಬಿನ ಮೇಲೆ ಕಿವಿ ಇಟ್ಟ, ಒಂದು ಕಣ್ಣು ಮುಚ್ಚಿ ಯಾವ ದಾರದ ಹತ್ತಿರ ರಸ್ತೆಯ ಜನ ಮರೆಯಾಗುತ್ತಾರೆಂದು ನೋಡಿದ. ದಿಂಬಿಗೆ ಔಷಧದ ವಾಸನೆ ಇತ್ತು. ನಾಲ್ಕನೆಯ ದಾರದಲ್ಲಿ ಟಾಂಗಾದ ಗಾಲಿ ಹೋಗಿ ಕುದುರೆಯ ಬೆನ್ನು ಉಳಿಯಿತು; ಐದನೆಯದರಲ್ಲಿ ಕುದುರೆಯೂ ಹೋಗಿ ಟಾಂಗಾವಾಲಾನ ಟೋಪಿ ಮಾತ್ರ ಉಳಿಯಿತು. ಹಾಗಾದರೆ ಎರಡೂವರೆ ಅಡಿ. ಎದ್ದು ಕುಳಿತರೆ ಎಲ್ಲ ಕಾಣಬೇಕು, ಮಲಗಿದರೆ ಯಾರಿಗೂ ಕಾಣಬಾರದು. ಅವನು ಖುಷಿಯಿಂದ ಇನ್ನೊಮ್ಮೆ ತಲೆಯೆತ್ತಿ ಇಳಿಸಿ ನೋಡುತ್ತಿದ್ದಾಗ ಐದನೆಯ ದಾರದ ಮೇಲೆ, ಟೋಪಿಯಿದ್ದಲ್ಲಿ, ಪಕ್ಕದ ಮನೆಯ ಬಾಬಾಸಾಹೇಬನ ಮುಖ ಬಂದು ನಿಂತಿತು.

"ಯಾಕ ಸತ್ಯಪ್ಪಣ್ಣಾ, ಆರಾಮಿಲ್ಲೇನು?"

"ಏನಿಲ್ಲ," ಎನ್ನುತ್ತ ಸತ್ಯಪ್ಪ ಎದ್ದು ಕುಳಿತ. ಬಾಬಾಸಾಹೇಬ ಹೋಗಲಿಲ್ಲ. ಬಸದಿಯಿಂದ ಬರುತ್ತಿದ್ದ, ಹಣೆಯಲ್ಲಿ ಗಂಧವಿತ್ತು, ಮುಖದಲ್ಲಿ ಬಿಡುವಿತ್ತು. "ಏನಿಲ್ಲಂದ್ರ ಮಲಗೀದಿ ಯಾಕ?"

"ನಡಾ ಹಿಡದೈತಿ."

ನಿಜ ಹೇಳಬಹುದಾಗಿತ್ತು. ಹೆಂಡತಿಗೆ ಮರೆಯಾಗಲೆಂದು ಹಸಿರು ಬೇಲಿ ಹಚ್ಚಬೇಕು, ಅದಕ್ಕೆ ಎತ್ತರ ನೋಡುತ್ತಿದ್ದೇನೆ ಎಂದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಬೇಲಿಯ ಮಾತು ತೆಗೆದರೆ ಹೆಂಡತಿಯ ಮಾತು ಬರುತ್ತದೆ, ಹೆಂಡತಿಯ ಮಾತು ಬಂದರೆ ಆಪರೇಶನ್ನಿನದು ಬರುತ್ತದೆ, ಆಪರೇಶನ್ ಅಂದಮೇಲೆ ಬಾಬಾಸಾಹೇಬ ಎಲ್ಲರ ಹಾಗೆ ತಲೆ ಅಲ್ಲಾಡಿಸಿ, 'ಸ್ವಲ್ಪ ಲಗೂನ ತೋರಿಸಿದ್ರ ಚಲೋ ಇತ್ತು' ಎನ್ನುತ್ತಾನೆ. ಅದಕ್ಕಿಂತ ನಡ ಹಿಡಿಯುವುದು ಸುಲಭವಾಗಿತ್ತು. ಎದ್ದು ನಿಲ್ಲುವಾಗ ಸೊಂಟಕ್ಕೆ ಕೈಕೊಟ್ಟು ಸ್ವಲ್ಪ ಬಾಗಿದ ಕೂಡ. ಸುಳ್ಳು ಹೇಳುವುದರಲ್ಲಿ ತನಗೆ ಇಷ್ಟು ಕೈಚಳಕವಿದೆಯೆಂದು ಅವನಿಗೇ ಸೋಜಿಗವಾಯಿತು. ಮರುಕ್ಷಣ, ಸೋಜಿಗಪಡುವಂಥದೇನೂ ಇಲ್ಲ, ಇದು ಮೊದಲನೆಯದಲ್ಲ ಎಂಬುದು ನೆನಪಾಗಿ ಮುಖ ಬಿಸಿಯಾಯಿತು.

ಸಾಂಗ್ಲಿಯ ಗಾಡಿಯಲ್ಲಿ ಅವನಿಗೆ ಕಿಟಕಿಯ ಜಾಗ ಬಿಟ್ಟುಕೊಟ್ಟರು. ಬಾಬಾಸಾಹೇಬ ಅದೇ ಗಾಡಿಗೆ ಎರಡು ಡಬ್ಬಿ ಮುಂದೆ ಹತ್ತಿದ್ದ. ಅವನು ಹತ್ತಿದ ಗಾಡಿಯಲ್ಲಿ ಸುದ್ದಿ ಇಂಜಿನ್ನಿಗಿಂತ ಮೊದಲು ಊರು ಸೇರುತ್ತಿತ್ತು. ಪೇಟೆಯಲ್ಲಿ ದಲಾಲಿಯ ಅಡತಿಯವರು, ಹಮಾಲರು, ಎದುರಿನ ಬೆಲ್ಲದ ಅಂಗಡಿಯವರು, ಎಲ್ಲರೂ ಅವನ ನಡದ ಮಾತೆತ್ತಿದರು. ಒಬ್ಬ ಎಣ್ಣೆ ಹೇಳಿದ, ಒಬ್ಬ ಇಟ್ಟಿಗೆ ಕಾಸಿ ಶಾಖ ಕೊಡಲು ಹೇಳಿದ, ಮೂರನೆಯವನು ಲಿಂಗನೂರಿನಲ್ಲಿ ಒಬ್ಬ ಎಲುಬು ಕೂಡಿಸುವವನಿದ್ದಾನೆಂದು ಅವನ ಮನೆಯ ದಾರಿಯನ್ನೇ ಬೆರಳಿನಿಂದ ಜೋಳದ ರಾಶಿಯ ಮೇಲೆ ಬರೆದು ತೋರಿಸಿದ. ತಕ್ಕಡಿ ಹಿಡಿಯಲು ಯಾರೂ ಬಿಡಲಿಲ್ಲ. ಮಧ್ಯಾಹ್ನ ಗಾದಿಯ ಮೇಲೆ ದಿಂಬಿಗೊರಗಿ, ಇಲ್ಲದ ನೋವಿಗೆ ಇಷ್ಟೊಂದು ಜನ ಮರುಗುವುದನ್ನು ನೋಡುತ್ತಿರುವಾಗ ಅವನಿಗೆ ಹೆಂಡತಿಯ ನಿಜವಾದ ನೋವು ನೆನಪಾಯಿತು. ಅವಳು ಎರಡು ವರ್ಷ ಹೇಳಿದಳು. ದಿನಾ ಅಲ್ಲ, ತಿಂಗಳಿಗೆ ಒಂದೆರಡು ಸಲ, ತಾಟು ಇಡುವಾಗ, ದೀಪ ಸಣ್ಣದು ಮಾಡುವಾಗ, ಬೇರೆ ಏನೋ ಹೇಳಲು ಹೋಗಿ ಇದು ಬಂತು ಎನ್ನುವ ಹಾಗೆ. 'ಹೊಟ್ಟ್ಯಾಗ ಇಲ್ಲೆ ಬಿಗದಂಗ ಆಗತೈತ್ರಿ.' ಅವನು ತೊಗರಿಯ ಧಾರಣಿಯನ್ನು ಯೋಚಿಸುತ್ತ, 'ವಾಯು ಇರಬೇಕು, ಅಜವಾನ ತಿನ್ನು' ಅಂದಿದ್ದ. ಒಂದು ಸಲ ಅವಳು ಅವನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ಗಟ್ಟಿಯಾಗಿ ಏನೋ ಹತ್ತಿತ್ತು. ಹತ್ತಿದ್ದು ನಿಜ. ಅವನು ಕೈ ತೆಗೆದು, 'ಉಪವಾಸ ಭಾಳ ಮಾಡತೀದಿ' ಅಂದಿದ್ದ.

ದವಾಖಾನೆಯಲ್ಲಿ ಗಡ್ಡೆ ತೆಗೆದ ಮರುದಿನ ದೊಡ್ಡ ದಾಕ್ತರರು ಕಾಟಿನ ಹತ್ತಿರ ನಿಂತು, ಉಳಿದದ್ದೇ ದೊಡ್ಡದು, ಇಷ್ಟು ತಡಮಾಡಿ ಯಾಕೆ ತಂದಿರಿ ಎಂದು ಮರಾಠಿಯಲ್ಲಿ ಕೇಳಿದರು. ಸಿಟ್ಟಿನಿಂದಲ್ಲ, ಬರೆದುಕೊಳ್ಳುವ ಸಲುವಾಗಿ. ಸತ್ಯಪ್ಪನ ಬಾಯಿಂದ ತಾನಾಗಿಯೇ ಬಂತು: "ತೀ ಸಾಂಗಿತಲೀಚ ನಾಹೀ." ಅವಳು ಹೇಳಲೇ ಇಲ್ಲ. ದಾಕ್ತರರು ಬರೆದುಕೊಂಡರು. ಹೆಂಡತಿ ಗುರುಶಾಂತವ್ವನಿಗೆ ಮರಾಠಿ ಅವನಿಗಿಂತ ಚೆನ್ನಾಗಿ ಬರುತ್ತಿತ್ತು. ಅವಳು ಅವನ ಕಡೆ ನೋಡಲಿಲ್ಲ, ಕಿಟಕಿಯ ಸರಳು ಎಣಿಸುವವಳಂತೆ ಆ ಕಡೆ ನೋಡಿದಳು. ಆಮೇಲೆ ಮನೆಗೆ ಬಂದು ಇಪ್ಪತ್ತು ದಿನವಾದರೂ ಆ ಮಾತು ಎತ್ತಿರಲಿಲ್ಲ. ಎತ್ತಿ ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ತಯಾರಾಗಿಯೇ ಇದ್ದ, ಉತ್ತರಗಳನ್ನೂ ಹೊಂದಿಸಿ ಇಟ್ಟುಕೊಂಡಿದ್ದ. ಅವಳು ಕೇಳಿದ್ದು ಬೇರೆಯೇ. ಒಳಗಿನ ಖೋಲಿ ಕತ್ತಲು, ಕಟ್ಟೆಯ ಮೇಲೆ ಹೊರಸು ಹಾಕಿಸಿರಿ ಅಂದಳು. ಹಾಕಿಸಿದ. ರಸ್ತೆಯ ಜನ ಹಣಕಿ ನೋಡುತ್ತಾರೆ, ಮಲಗಿದಾಗ ಸಂಕೋಚ ಆಗುತ್ತದೆ ಅಂದಳು. ತಟ್ಟಿ ಕಟ್ಟಿಸುತ್ತೇನೆಂದ. "ತಟ್ಟಿ ಕಟ್ಟಿದ್ರ ನನಗೇನ ಕಾಣಬೇಕು? ಎದ್ದ ಕುಂತಾಗ ರಸ್ತಾ ಕಾಣಬೇಕು. ಮಲಗಿದಾಗ ನಾ ಕಾಣಬಾರದು. ಏನರೆ ಗಿಡಾ ಹಚ್ರಿ, ಹಸರ ಇರತೈತಿ." ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಬಿಡಿಸಿ ಏನನ್ನಾದರೂ ಕೇಳಿದ್ದು ಇದೇ ಮೊದಲು. ಸತ್ಯಪ್ಪನಿಗೆ ಇದು ದಂಡವೋ ಕ್ಷಮೆಯೋ ತಿಳಿಯದೆ, ಎರಡಕ್ಕೂ ಆಗಲೆಂದು, ಬಿದಿರ ಕಡ್ಡಿಗೆ ದಾರ ಸುತ್ತಿದ್ದ.

ಸಂಜೆ ಅವನು ಮನೆಗೆ ಬಂದಾಗ ಬಾಬಾಸಾಹೇಬನ ಹೆಂಡತಿ ರತ್ನಾಬಾಯಿ ಕಟ್ಟೆಯಿಂದ ಎದ್ದು ಹೋಗುತ್ತಿದ್ದಳು. ಹೋಗುವಾಗ ಅವನ ಸೊಂಟದ ಕಡೆ ಕನಿಕರದಿಂದ ನೋಡಿದಳು. ಗುರುಶಾಂತವ್ವ ದಿಂಬಿಗೆ ಒರಗಿ ಕುಳಿತಿದ್ದಳು.

"ನಡಾ ಹೆಂಗೈತ್ರಿ?"

"ಈಗ ಅಡ್ಡಿಯಿಲ್ಲ."

"ಯಾವಾಗಿಂದ ನೋಯತೈತಿ? ನನಗ ಹೇಳೇ ಇಲ್ಲಲ್ಲ ನೀವು." ಅವಳ ಮುಖದಲ್ಲಿ ಏನೂ ಇರಲಿಲ್ಲ. ದಿಂಬಿನ ಕೆಳಗೆ ಕೈ ಹಾಕಿ ಸಣ್ಣ ಹಿತ್ತಾಳೆ ಕರಡಿಗೆ ತೆಗೆದಳು. "ವಾಯು ಇರಬೇಕು. ಅಜವಾನ ತಿನ್ರಿ."

ಅವನು ಅಂಗೈ ಒಡ್ಡಿದ. ಅವಳು ಚಿಟಿಕೆಗಿಂತ ತುಸು ಹೆಚ್ಚೇ ಹಾಕಿದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಉಗುಳುವಂತಿರಲಿಲ್ಲ. ಅವಳು ಅವನು ನುಂಗುವ ತನಕ ನೋಡಿ, ಆಮೇಲೆ ಅಂಗಳದ ಕಡ್ಡಿಯತ್ತ ಗದ್ದ ತೋರಿಸಿ, "ಐದನೇ ದಾರ ಸಾಕು ಬಿಡ್ರಿ. ನಾನೂ ನೋಡೇನಿ," ಅಂದಳು. ಬಚ್ಚಲದ ಬಾಗಿಲಿನಲ್ಲಿ ಕಟ್ಟೆ ಕಾಣುವಷ್ಟು ಒಂದು ಸೀಳು ಇದೆ ಎಂಬುದು ಅವನಿಗೆ ಆಗ ನೆನಪಾಯಿತು.

ಮೊದಲು ಮೆಂದಿ, ಅಂದರೆ ಮದರಂಗಿ ಗಿಡ ಹಚ್ಚಿದ. ಎಲ್ಲರೂ ಬೇಲಿಗೆ ಮೆಂದಿಯನ್ನೇ ಹಚ್ಚುತ್ತಾರೆ, ಸುಲಭ, ಕಡ್ಡಿ ಊರಿದರೆ ಸಾಕು ಎಂದು ಪೇಟೆಯಲ್ಲಿ ಹೇಳಿದ್ದರು. ಹುಣಸೆಮರದ ನೆರಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಚೈತ್ರದಲ್ಲಿ ಚಿಗುರಿದ ಕಡ್ಡಿಗಳು ವೈಶಾಖದ ಹೊತ್ತಿಗೆ ಮೆರವಣಿಗೆ ನೋಡಲು ಕುತ್ತಿಗೆ ಚಾಚಿದ ಜನರಂತೆ ಎಲ್ಲವೂ ರಸ್ತೆಯ ಬಿಸಿಲಿನ ಕಡೆ ಬಾಗಿ ನಿಂತವು. ಮೇಲೆ ನಾಲ್ಕು ಎಲೆ, ಕೆಳಗೆ ಬರೀ ಕೋಲು. ಸತ್ಯಪ್ಪ ಬೆಳಗ್ಗೆ ಸಂಜೆ ಕೊಡ ಕೊಡ ನೀರು ಹಾಕಿದ. ಮೃಗಶಿರಾ ಮಳೆ ಹತ್ತಿರ ಬರುವಾಗ ಅವು ಒಂದೊಂದಾಗಿ ಒಣಗಿದವು. ಪ್ರತಿ ಸಲ ಒಂದು ಕಡ್ಡಿ ಸತ್ತಾಗ ಅವನು ಅವಳಿಗೆ ಕಾಣದಂತೆ ಕಿತ್ತು, ಪಕ್ಕದ ಕಡ್ಡಿಗಳನ್ನು ತುಸು ಸರಿಸಿ ಮಣ್ಣೊತ್ತುತ್ತಿದ್ದ. ಕೊನೆಗೆ ಅಂಗಳದಲ್ಲಿ ಮಾರುದೂರಕ್ಕೊಂದರಂತೆ ಐದು ಕಡ್ಡಿ ಉಳಿದವು. "ಚಲೋ ಬಂದಾವು," ಎಂದಳು ಗುರುಶಾಂತವ್ವ, ಹೊರಸಿನ ಮೇಲಿಂದ.

ಜ್ಯೋತೆಪ್ಪ ಸಿಕ್ಕಿದ್ದು ಆಗ. ಮಾಲಗಾಂವದವನು, ಸಾಂಗ್ಲಿಯಲ್ಲಿ ಯಾವನೋ ಸರದಾರನ ಬಂಗಲೆಯ ತೋಟ ನೋಡಿಕೊಳ್ಳುತ್ತಿದ್ದ. ಕೋಳಿಗೆ ಹಾಕಲು ನುಚ್ಚು ಕೊಳ್ಳಲು ಅಂಗಡಿಗೆ ಬರುತ್ತಿದ್ದ. ವಯಸ್ಸಾದ, ಮಾತಿಗೆ ಅವಸರವಿಲ್ಲದ ಮನುಷ್ಯ. ನೆರಳು ಎಂಥದು, ಯಾವ ಮರದ್ದು, ಮುಂಜಾನೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ ಎಂದೆಲ್ಲ ಕೇಳಿ, ಕೊನೆಗೆ, "ಕುಂತಿ ಹಚ್ರಿ," ಅಂದ.

"ಏನು?"

"ಕುಂತಿ. ಎಲಿ ಸಣ್ಣೂವು, ಮಿರಿಮಿರಿ ಮಿಂಚತಾವು. ಬಿಳಿ ಹೂವ ಬಿಡತೈತಿ, ವಾಸನಿ ಓಣಿತನಾ ಬರತೈತಿ. ನೆರಳಿಗೆ ಜಗ್ಗೂದುಲ್ಲ. ದನಾ ತಿನ್ನೂದುಲ್ಲ. ಗಟ್ಟಿ ಐತಿ, ಆದ್ರ ಲಗೂ ಏಳೂದುಲ್ಲ. ಕುಂತಿ ಅಂದ್ರ ಕುಂತಽ ಇರತೈತಿ," ಎಂದು ತನ್ನ ಮಾತಿಗೆ ತಾನೇ ನಕ್ಕ. ಸರದಾರನ ಮನೆಯವರು ಗುಲಾಬಿಯ ಹುಚ್ಚು ಹಿಡಿದು ಹಳೆಯ ಕುಂತಿಯ ಸಾಲನ್ನು ಕೀಳಿಸುತ್ತಿದ್ದರು. ಮೂರು ವರ್ಷದ, ಮೊಳದೆತ್ತರದ ನಲವತ್ತು ಗಿಡಗಳನ್ನು ಬೇರಿನ ಮಣ್ಣುಂಡೆಯ ಸಮೇತ ಗೋಣಿಯಲ್ಲಿ ಕಟ್ಟಿ ಜ್ಯೋತೆಪ್ಪ ಚಕ್ಕಡಿಯಲ್ಲಿಟ್ಟ. ಸತ್ಯಪ್ಪನೂ ಚಕ್ಕಡಿಯಲ್ಲೇ ಕುಳಿತ, ಗಿಡಗಳು ಅಲುಗದಂತೆ ತೋಳಿನಿಂದ ಒತ್ತಿ ಹಿಡಿದು. ಸಾಂಗ್ಲಿ ಸಂಸ್ಥಾನ ಮುಗಿದು ಮಿರಜ ಸಂಸ್ಥಾನ ಸುರುವಾಗುವಲ್ಲಿ ಸುಂಕ ವಸೂಲಿಯ ಜಕಾತಿ ನಾಕೆಯವನು ತಡೆದು, ಇದು ಭಾಜಿಪಲ್ಲೆಯೋ ಔಷಧವೋ ಎಂದು ಮರಾಠಿಯಲ್ಲಿ ಕೇಳಿದ. ಅವನ ಪುಸ್ತಕದಲ್ಲಿ ಎರಡೇ ಅಂಕಣಗಳಿದ್ದವು. ಸತ್ಯಪ್ಪ ತಡವರಿಸಿದ. ಜ್ಯೋತೆಪ್ಪ ಎತ್ತಿನ ಹಗ್ಗ ಬಿಡದೆ, "ಯಾಂಚ್ಯಾ ಬಾಯಕೋಸಾಠೀ ಆಹೇ, ಸಾಹೇಬ," ಎಂದುಬಿಟ್ಟ. ಇವರ ಹೆಂಡತಿಗಾಗಿ. ನಾಕೆಯವನು ಸತ್ಯಪ್ಪನ ಪಟಕಾ, ಮಣ್ಣಾದ ಧೋತರ, ತೋಳಿನಲ್ಲಿದ್ದ ಗಿಡ ಎಲ್ಲವನ್ನೂ ಸಾವಕಾಶ ನೋಡಿ, ಒಳಗಿದ್ದ ಇನ್ನೊಬ್ಬನನ್ನೂ ಕರೆದು ತೋರಿಸಿ, ಹೋಗಿ ಹೋಗಿ ಎಂದು ಕೈಬೀಸಿದ. ಮಿರಜ ಬರುವ ತನಕ ಸತ್ಯಪ್ಪನಿಗೆ ಆ ಮಾತು, 'ಇವರ ಹೆಂಡತಿಗಾಗಿ', ಗಾಲಿಯ ಸದ್ದಿನೊಳಗೆ ಮತ್ತೆ ಮತ್ತೆ ಕೇಳಿಸುತ್ತಿತ್ತು; ಅವಮಾನವೆಂದುಕೊಂಡದ್ದು ನಿಧಾನಕ್ಕೆ ಬೇರೆ ಏನೋ ಆಗತೊಡಗಿತ್ತು.

ಜ್ಯೋತೆಪ್ಪ ಒಂದು ಗೇಣು ಬಿಟ್ಟು ಒಂದರಂತೆ ಎರಡು ಸಾಲು ಹಚ್ಚಿದ, ಮುಂದಿನ ಸಾಲಿನ ಸಂದಿಗೆ ಹಿಂದಿನ ಸಾಲಿನ ಗಿಡ ಬರುವಂತೆ. ಹುಣಸೆಯ ಬೇರು ನೀರೆಲ್ಲ ಕುಡಿಯುತ್ತದೆಂದು ತೆಗ್ಗು ಆಳವಾಗಿ ತೋಡಿ, ಕೊಳೆತ ಎಲೆ, ಹಳೆಯ ಸೆಗಣಿ ಗೊಬ್ಬರ ತುಂಬಿದ. ದಿನಾ ನೀರು ಬೇಡ, ಬೆರಳು ಊರಿ ನೋಡಿ ಒಣಗಿದ್ದರಷ್ಟೇ ಹಾಕಿರಿ ಅಂದ. "ದೀಪಾವಳಿಗೆ ಬರತೇನಿ, ತುದಿ ಕತ್ತರಿಸಾಕ."

ಮಳೆಗಾಲ ಚೆನ್ನಾಗಿ ಆಯಿತು. ಗಿಡಗಳು ಹಿಡಿದವು, ಆದರೆ ಜ್ಯೋತೆಪ್ಪ ಹೇಳಿದ ಹಾಗೆ ಕುಂತೇ ಇದ್ದವು. ಎದ್ದದ್ದು ಗುರುಶಾಂತವ್ವ. ನಾಗರ ಪಂಚಮಿಗೆ ಕೋಲು ಹಿಡಿದು ಹಿತ್ತಲಿಗೆ ಹೋದಳು, ಗಣೇಶ ಚೌತಿಗೆ ಕೋಲು ಬಿಟ್ಟಳು, ದಸರೆಗೆ ಒಲೆಯ ಮುಂದೆ ಕುಳಿತು ಹೋಳಿಗೆ ಬೇಯಿಸಿದಳು. ಹಾಸಿಗೆ ಹಿಡಿದವಳಿಗಾಗಿ ಹಚ್ಚಿದ ಬೇಲಿ ಇನ್ನೂ ಮೊಳದ ಮೇಲೆ ನಾಲ್ಕು ಬೆರಳು ಇರುವಾಗಲೇ ಅವಳು ಓಡಾಡುತ್ತಿದ್ದಳು. ಬಾಬಾಸಾಹೇಬ ಇದನ್ನು ಸುಮ್ಮನೆ ಬಿಡಲಿಲ್ಲ. "ಈಗ ಬೇಲಿ ಯಾರಿಗೆ? ನಿನ್ನ ನಡಕ್ಕೇನು?" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದ. ಆದರೆ ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅವಳು ಕಟ್ಟೆಯ ಹೊರಸಿಗೇ ಬಂದು ಮಲಗುತ್ತಿದ್ದಳು, ಸಂಜೆ ಎದ್ದು ಕುಳಿತು ರಸ್ತೆ ನೋಡುತ್ತಿದ್ದಳು. ಅಥಣಿ, ಜಮಖಂಡಿ, ವಿಜಾಪುರದ ಕಡೆಯಿಂದ ರೋಗಿಗಳು ಸ್ಟೇಶನ್ನಿನಲ್ಲಿ ಇಳಿದು ಆ ರಸ್ತೆಯಿಂದಲೇ ದವಾಖಾನೆಗೆ ಹೋಗುತ್ತಿದ್ದರು. ಅವರ ಮುಖಗಳಲ್ಲಿ ಅವಳು ಏನು ಹುಡುಕುತ್ತಿದ್ದಾಳೆಂದು ಸತ್ಯಪ್ಪ ಕೇಳಲಿಲ್ಲ. ಅವನಿಗೆ ಬೇಲಿ ಬೇಗ ಬೆಳೆಯಬೇಕಾಗಿತ್ತು. ಹೋಗಿ ಬರುವವರು ಅವಳನ್ನು ಕಂಡರೆ ನಿಲ್ಲುತ್ತಿದ್ದರು, 'ಈಗ ಹೆಂಗದಾರ್ರಿ' ಎಂದು ಅವನನ್ನೇ ಕೇಳುತ್ತಿದ್ದರು, ಕೇಳಿ ಒಂದು ಕ್ಷಣ ಸುಮ್ಮನಿರುತ್ತಿದ್ದರು. ಆ ಒಂದು ಕ್ಷಣ ಅವನಿಗೆ ಆಗುತ್ತಿರಲಿಲ್ಲ. ಅವಳು ಜನಕ್ಕೆ ಕಾಣದಿರಲೆಂದು ಬೇಲಿ ಹಚ್ಚಿದ್ದೇನೆಂದು ನಂಬಿದ್ದವನಿಗೆ, ಮರೆ ಬೇಕಾದದ್ದು ಅವಳಿಗಲ್ಲವೇನೋ ಎಂಬ ಅನುಮಾನ ಗಾಡಿಯಲ್ಲಿ ಕುಳಿತಾಗ, ತಕ್ಕಡಿ ಹಿಡಿದಾಗ, ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿತ್ತು.

ದೀಪಾವಳಿಗೆ ಜ್ಯೋತೆಪ್ಪ ದೊಡ್ಡ ಕತ್ತರಿ ತಂದ. ಸತ್ಯಪ್ಪ ಮುಟ್ಟಗೊಡಲಿಲ್ಲ.

"ನಾಕೈದ ತಿಂಗಳಿಗೆ ನಾಕ ಬೆರಳ ಬೆಳದೈತಿ. ಅದನ್ನೂ ಕತ್ತರಿಸಿದ್ರ ಉಳಿಯೂದೇನು?"

"ಮ್ಯಾಲ ಕತ್ತರಿಸಿದ್ರ ಬಗಲಾಗ ಒಡೀತೈತ್ರಿ ಸಾವಕಾರ್ರ. ಬುಡಾ ತುಂಬತೈತಿ."

"ಬ್ಯಾಡ."

ಕತ್ತರಿಯ ಬಾಯಿ ತೆರೆದು ಮುಚ್ಚುವ ಸದ್ದು ಕೇಳಿದ್ದೇ ಅವನಿಗೆ ಆಪರೇಶನ್ ಖೋಲಿಯ ಹೊರಗಿನ ಬೆಂಚು ನೆನಪಾಗಿತ್ತು. ಮೂರು ತಾಸು ಅಲ್ಲಿ ಕುಳಿತು ತನ್ನ ಚಪ್ಪಲಿಯ ಹೆಬ್ಬೆರಳಿನ ಉಂಗುಷ್ಠದ ಹೊಲಿಗೆಯನ್ನು ನೋಡಿದ್ದು, ಹಸಿವಾದದ್ದು, ಹಸಿವಾಯಿತೆಂದು ನಾಚಿಕೆಯಾದದ್ದು. ಜ್ಯೋತೆಪ್ಪ ವಾದ ಮಾಡಲಿಲ್ಲ. ಕತ್ತರಿಯನ್ನು ಕಟ್ಟೆಯ ಮೂಲೆಯಲ್ಲಿಟ್ಟು, ಬುದ್ಧಿ ಬಂದಾಗ ಹೇಳಿಕಳಿಸಿರಿ ಎಂಬರ್ಥದಲ್ಲಿ ಕೈಮುಗಿದು ಹೋದ. ಬೇರು ಹಿಡಿದ ಮೇಲೆ ಗಿಡಗಳು ಒಮ್ಮೆಲೇ ಎದ್ದವು; ಮುಂದಿನ ಯುಗಾದಿಗೆ ಬೇಲಿ ಐದನೆಯ ದಾರ ಮುಟ್ಟಿತು. ಆರನೆಯದನ್ನೂ ದಾಟಿತು. ಸತ್ಯಪ್ಪ ಹಿಗ್ಗಿನಿಂದ ರಸ್ತೆಗೆ ಹೋಗಿ ನಿಂತು ನೋಡಿದ. ಮೇಲ್ಗಡೆ ಹಸಿರು ದಟ್ಟವಾಗಿತ್ತು. ಕೆಳಗೆ ಬುಡವೆಲ್ಲ ಬೋಳು. ಅವಳು ಎದ್ದು ಕುಳಿತರೆ ಮುಖ ಎಲೆಗಳಲ್ಲಿ ಮುಳುಗಿ ರಸ್ತೆ ಕಾಣುತ್ತಿರಲಿಲ್ಲ. ಮಲಗಿದರೆ ಕೋಲುಗಳ ಸಂದಿಯಿಂದ ತಲೆಯಿಂದ ಕಾಲಿನವರೆಗೆ ನಿಚ್ಚಳವಾಗಿ ಕಾಣುತ್ತಿದ್ದಳು. ಪಕ್ಕದಲ್ಲಿ ಬಂದು ನಿಂತ ಬಾಬಾಸಾಹೇಬ ಬಗ್ಗಿ ನೋಡಿದ, ಎದ್ದು ನೋಡಿದ. "ಬರೋಬ್ಬರಿ ಉಲ್ಟಾ ಬಂದೈತಲ್ಲೋ ಸತ್ಯಪ್ಪಣ್ಣಾ," ಅಂದ, ನಿಜವಾದ ಮೆಚ್ಚುಗೆಯಿಂದ.

ಆ ಮಧ್ಯಾಹ್ನ ಅವನು ಅಂಗಡಿಯಿಂದ ಬೇಗ ಬಂದಾಗ ಗುರುಶಾಂತವ್ವ ಸೆರಗು ಸಿಕ್ಕಿಸಿಕೊಂಡು ಅಂಗಳದಲ್ಲಿ ನಿಂತಿದ್ದಳು. ಕೈಯಲ್ಲಿ ಜ್ಯೋತೆಪ್ಪನ ಕತ್ತರಿ. ಅರ್ಧ ಸಾಲು ಆಗಲೇ ಮೊಳದೆತ್ತರಕ್ಕೆ ಇಳಿದಿತ್ತು, ನೆಲದ ತುಂಬ ಹಸಿರು ಬಿದ್ದಿತ್ತು. "ಏ, ಏನ ಮಾಡತೀದಿ!" ಎಂದು ಅವನು ಓಡಿಬಂದ. ಅವಳು ನಿಲ್ಲಿಸಲಿಲ್ಲ. "ಹಂಗ ಬಿಟ್ರ ಇದು ನೆಟ್ಟಗ ಆಗೂದುಲ್ರಿ," ಎಂದಳು, ಕಚಕ್ಕನೆ ಇನ್ನೊಂದು ತುದಿ ತೆಗೆದು. "ಕತ್ತರಿಸಿದ್ರ ಸಾಯತೈತಿ ಅಂತ ಹೆದರೀರೇನು? ನನ್ನ ನೋಡ್ರಿ." ಎಂದೂ ತೋರಿಸದಿದ್ದ ಆ ಗಾಯದ ಜಾಗದ ಮೇಲೆ, ಸೀರೆಯ ಮೇಲಿಂದಲೇ, ಕತ್ತರಿಯ ಹಿಡಿಯಿಂದ ಎರಡು ಸಲ ತಟ್ಟಿದಳು, ಗಡಿಗೆ ಗಟ್ಟಿಯಿದೆಯೇ ಎಂದು ನೋಡುವ ಹಾಗೆ. ಆಮೇಲೆ ಕೈ ಸೋತಿತೇನೋ, ಕತ್ತರಿಯನ್ನು ಅವನಿಗೆ ಕೊಟ್ಟಳು. ಉಳಿದರ್ಧ ಸಾಲನ್ನು ಅವನು ಕತ್ತರಿಸಿದ. ಮೊದಲ ನಾಲ್ಕು ಗಿಡಕ್ಕೆ ಕಣ್ಣು ಮುಚ್ಚಿಕೊಂಡಿದ್ದರಿಂದ ಅವು ಸೊಟ್ಟವಾದವು. ಕೊನೆಯ ತನಕ ಸೊಟ್ಟವಾಗಿಯೇ ಉಳಿದವು.

ಎರಡನೆಯ ಮಳೆಗಾಲದಲ್ಲಿ ಜ್ಯೋತೆಪ್ಪನ ಮಾತು ನಿಜವಾಯಿತು. ಕತ್ತರಿಸಿದ ಒಂದೊಂದು ತುದಿಯ ಕೆಳಗೆ ಮೂರು ನಾಲ್ಕು ಚಿಗುರು ಒಡೆದವು. ಅವನ್ನು ಮತ್ತೆ ಚಿವುಟಿದರು, ಮತ್ತೆ ಒಡೆದವು. ಬುಡದಿಂದ ತುದಿಯವರೆಗೆ ಕೈ ತೂರದಷ್ಟು ಒತ್ತಾಗಿ, ಎರಡೂವರೆ ಅಡಿಗೆ ಬಂದು ನಿಂತಿತು. ನೆರಳಾದ್ದರಿಂದ ಹೂವು ಕಡಿಮೆ, ಆದರೂ ಶ್ರಾವಣದಲ್ಲಿ ಒಂದು ವಾರ ಬಿಟ್ಟಿತು. ಓಣಿಯ ತನಕ ವಾಸನೆ ಹೋಗಲಿಲ್ಲ. ಬಾಬಾಸಾಹೇಬನ ಮನೆಯ ತನಕ ಹೋಯಿತು, ಅಷ್ಟು ಸಾಕಾಗಿತ್ತು.

ಭಾದ್ರಪದದ ಅಮಾವಾಸ್ಯೆಗೆ ಪೇಟೆ ಬಂದ್ ಇತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಸತ್ಯಪ್ಪ ಬೇಲಿಯ ಹೊರಮಗ್ಗುಲು, ರಸ್ತೆಯ ಬದಿಗೆ ನಿಂತು ಉದ್ದ ಚಿಗುರುಗಳನ್ನು ಕತ್ತರಿಸುತ್ತಿದ್ದ. ಒಳಗೆ ಹೊರಸಿನ ಮೇಲೆ ಅವಳು ಮಲಗಿದ್ದಳು. ಎಚ್ಚರವಿದ್ದಾಳೋ ನಿದ್ದೆಯೋ ಅಲ್ಲಿಂದ ತಿಳಿಯುವಂತಿರಲಿಲ್ಲ, ಬೇಲಿ ಅಷ್ಟು ಚೆನ್ನಾಗಿ ಬಂದಿತ್ತು. ಸ್ಟೇಶನ್ ಕಡೆಯಿಂದ ಬಂದ ಟಾಂಗಾ ಹುಣಸೆಯ ನೆರಳಿಗೆ ನಿಂತಿತು. ಮೂವತ್ತೈದರ ಸುಮಾರಿನ ರೈತನೊಬ್ಬ ಇಳಿದು ಕುಡಿಯಲು ನೀರು ಕೇಳಿದ. ಟಾಂಗಾದಲ್ಲಿ ಅವನ ಹೆಂಡತಿ ಗಂಟಿಗೆ ಒರಗಿ ಕುಳಿತಿದ್ದಳು, ಒಂದು ಕೈ ಸೆರಗಿನೊಳಗೆ ಹೊಟ್ಟೆಯ ಮೇಲಿತ್ತು. ಸತ್ಯಪ್ಪ ಪಡಸಾಲೆಯಿಂದ ತಂಬಿಗೆ ತಂದುಕೊಟ್ಟ. ತೇರದಾಳದ ಹತ್ತಿರದವರಂತೆ, ಕುಡಚಿಯಲ್ಲಿ ಗಾಡಿ ಹತ್ತಿದರಂತೆ.

"ಏನಾಗೇತಿ ಅವರಿಗೆ?" ಕೇಳಬಾರದಾಗಿತ್ತು ಅನಿಸಿತು, ಕೇಳಿ ಆಗಿತ್ತು.

"ಏನಿಲ್ರಿ, ಹೊಟ್ಟಿಬ್ಯಾನಿ ಅಂತಾಳ. ವರ್ಷಾತು. ವಾಯು ಇರಬೇಕು. ಇಕಿ ಅಣ್ಣ ಗಂಟ ಬಿದ್ದ, ತೋರಿಸಽ ಬೇಕು ಅಂತ, ಅದಕ್ಕ ಬಂದೇವಿ. ಮೊದಲ ಬಾಯಿಬಿಟ್ಟ ಹೇಳಬೇಕಲ್ರಿ? ಇಕಿ ಹೇಳಽ ಇಲ್ಲ."

ಟಾಂಗಾದ ಹೆಂಗಸು ಗಂಡನತ್ತ ನೋಡಲಿಲ್ಲ. ಕುದುರೆಯ ಬಾಲದ ಕಡೆ ನೋಡಿದಳು. ಸತ್ಯಪ್ಪನಿಗೆ ಆ ನೋಟ ಗೊತ್ತಿತ್ತು. ಬೇಲಿಯ ಆಚೆ ಒಂದು ಸಪ್ಪಳವೂ ಇರಲಿಲ್ಲ. ಹೊರಸಿನ ಕಿರುಗುಟ್ಟುವಿಕೆ ಕೂಡ ಇರಲಿಲ್ಲ. ನಿದ್ದೆಯಲ್ಲಿರುವವರು ಅಷ್ಟು ಅಲುಗದೆ ಇರುವುದಿಲ್ಲ. ಅವರು ನೀರು ಕುಡಿದು ಹೋಗಿಬಿಡುತ್ತಾರೆ, ಇವನು ಯಾರೋ, ಅವರು ಯಾರೋ. ಇನ್ನೆರಡು ಗಿಡ ಕತ್ತರಿಸಿದರೆ ಕೆಲಸ ಮುಗಿಯುತ್ತಿತ್ತು.

"ಹೇಳಿರತಾಳ," ಅಂದ.

"ಏನಂದ್ರಿ?"

"ಹೇಳಿರತಾಳ ಅಂದೆ. ನನ್ನ ಹೇಣ್ತಿನೂ ಹೇಳಿದ್ಲು. ಎರಡ ವರ್ಷ ಹೇಳಿದ್ಲು. ನಾ ಕೇಳಲಿಲ್ಲ. ಕೈ ಹಿಡದ ಮುಟ್ಟಿಸಿದ್ಲು, ಗಂಟ ಕೈಗೆ ಹತ್ತಿತು, ನನಗ ಗೊತ್ತಾತು. ಗೊತ್ತಾದ್ರೂ ಸುಮ್ಮನಿದ್ದೆ. ದಾಕ್ತರ್ರ ಮುಂದ ಅಕೀ ಹೇಳಽ ಇಲ್ಲ ಅಂತ ಸುಳ್ಳ ಹೇಳಿದೆ. ನೀವು ಅಲ್ಲಿ ಹೋಗಿ ಹಂಗ ಹೇಳಬ್ಯಾಡ್ರಿ."

ಒಂದೂವರೆ ವರ್ಷ ಇದನ್ನು ಎಷ್ಟೋ ರೀತಿಯಲ್ಲಿ ಮನಸ್ಸಿನಲ್ಲಿ ಆಡಿದ್ದ. ಒಮ್ಮೊಮ್ಮೆ ದನಿ ನಡುಗುತ್ತಿತ್ತು, ಒಮ್ಮೊಮ್ಮೆ ಅವಳು ಅಳುತ್ತಿದ್ದಳು. ಈಗ ಬಂದದ್ದು ಗಿರಾಕಿಗೆ ಜೋಳದ ಧಾರಣಿ ಹೇಳುವ ದನಿಯಲ್ಲಿ, ಕೈಯಲ್ಲಿ ಕತ್ತರಿ, ಪಟಕಾದ ಮೇಲೆ ಕುಂತಿಯ ಎಲೆ. ರೈತ ತಂಬಿಗೆ ಹಿಡಿದು ಬೆಪ್ಪಾಗಿ ನಿಂತ. ಆಗ ಬೇಲಿಯ ಮೇಲೆ ಗುರುಶಾಂತವ್ವನ ತಲೆ ಮೂಡಿತು. ಅಲ್ಲಿ ಯಾರೂ ಇಲ್ಲವೆಂದುಕೊಂಡಿದ್ದ ರೈತ ಒಂದು ಹೆಜ್ಜೆ ಹಿಂದೆ ಸರಿದ, ಕುದುರೆಯೂ ಕಿವಿ ನಿಮಿರಿಸಿತು. ಅವಳು ಗಂಡನ ಕಡೆ ನೋಡಲೇ ಇಲ್ಲ. "ತಂಗೆವ್ವಾ," ಎಂದು ಟಾಂಗಾದವಳನ್ನು ಕರೆದಳು, "ನಿನಗ ಎಲ್ಲಿ ನೋಯತೈತಿ?"

ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ಆ ಹೆಂಗಸು ಮಾತಾಡತೊಡಗಿದಳು. ಎಲ್ಲಿ, ಯಾವಾಗಿನಿಂದ, ಯಾವ ಮಗ್ಗುಲಾದರೆ ಹೆಚ್ಚು, ಏನು ತಿಂದರೆ ಹೇಗೆ, ಎಲ್ಲ. ಗಂಡ ಒಮ್ಮೆ ನಡುವೆ ಬಾಯಿ ಹಾಕಿದಾಗ ಗುರುಶಾಂತವ್ವ ಬೇಲಿಯ ಮೇಲಿಂದ ಅವನತ್ತ ಒಂದು ಬೆರಳೆತ್ತಿದಳು, ಅವನು ಸುಮ್ಮನಾದ. ಪೂರ್ತಿ ಕೇಳಿದ ಮೇಲೆ ಅವಳು ಒಳಗೆ ಹೋಗಿ ಶಾಲು ಹೊದ್ದು, ಚಪ್ಪಲಿ ಮೆಟ್ಟಿ, ಬೇಲಿಯ ಕೊನೆಯ ಬಾಗಿಲಿನಿಂದ ರಸ್ತೆಗೆ ಬಂದಳು. "ಮುಂದ ಕುಂದ್ರಪಾ ನೀ, ಟಾಂಗಾವಾಲಾನ ಬಾಜೂಕ," ಎಂದು ರೈತನಿಗೆ ಹೇಳಿ ಆ ಹೆಂಗಸಿನ ಪಕ್ಕದಲ್ಲಿ ಹತ್ತಿ ಕುಳಿತಳು. ಟಾಂಗಾ ಹೊರಟಿತು. ಸತ್ಯಪ್ಪನಿಗೆ ಅವಳು ಹೋಗಿಬರುತ್ತೇನೆಂದು ಕೂಡ ಹೇಳಿರಲಿಲ್ಲ.

ಅವನು ಬಹಳ ಹೊತ್ತು ರಸ್ತೆಯಲ್ಲೇ ನಿಂತಿದ್ದ. ಬಾಬಾಸಾಹೇಬ ಬಂದ. "ವೈನಿಯವರು ಟಾಂಗಾದಾಗ ಹೋದ್ರಲ್ಲ? ಎಲ್ಲಿಗೆ?"

"ದವಾಖಾನಿಗೆ."

"ಯಾಕ? ಮತ್ತೇನಾತು?"

"ಅಕಿಗೇನಾಗಿಲ್ಲ," ಅಂದ ಸತ್ಯಪ್ಪ, "ದಾರೀ ತೋರಿಸಾಕ ಹೋಗ್ಯಾಳ." ಬಾಬಾಸಾಹೇಬ ಚುಡಾಯಿಸಲು ಏನಾದರೂ ಸಿಗಬಹುದೆಂದು ಅವನ ಮುಖದಲ್ಲಿ ಹುಡುಕಿದ, ಸಿಗಲಿಲ್ಲವೋ, ಬೇಡವೆನಿಸಿತೋ, ಕೆಳಗೆ ಬಿದ್ದಿದ್ದ ಚಿಗುರುಗಳನ್ನು ಕಾಲಿನಿಂದ ಒಂದು ಕಡೆ ಗುಡ್ಡೆ ಮಾಡಿ ಹೋದ.

ಐದಾಯಿತು, ಆರಾಯಿತು. ಅವಳು ಬರಲಿಲ್ಲ. ಒಲೆ ತಣ್ಣಗಿತ್ತು. ಸಾಂಗ್ಲಿ ಪೇಟೆಯಲ್ಲಿ ಕಣ್ಣು ಮುಚ್ಚಿ ಮುಟ್ಟಿ ಇದು ಯಾವ ಊರಿನ ಜೋಳವೆಂದು ಹೇಳುತ್ತಿದ್ದವನಿಗೆ ತನ್ನ ಮನೆಯಲ್ಲಿ ಅಕ್ಕಿ ಯಾವ ಡಬ್ಬಿಯಲ್ಲಿದೆಯೆಂದು ಗೊತ್ತಿರಲಿಲ್ಲ. ನಾಲ್ಕು ಡಬ್ಬಿ ತೆಗೆದ, ಎರಡನ್ನು ಚೆಲ್ಲಿದ, ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಒಂದು ಬೋಗುಣಿ ಅನ್ನಕ್ಕಿಟ್ಟ. ಮುನಸಿಪಾಲಟಿಯವನು ರಸ್ತೆಯ ಕಂದೀಲು ಹಚ್ಚಿ ಹೋಗುವ ಹೊತ್ತಿಗೆ ಅವಳು ಬಂದು ಕಾಲು ತೊಳೆದಳು. ಅಡಿಗೆ ಮನೆಯ ನೆಲ ನೋಡಿದಳು, ಬೋಗುಣಿ ನೋಡಿದಳು, ಏನೂ ಅನ್ನದೆ ಎರಡು ತಾಟು ಹಾಕಿದಳು. ಎಂದಿನಂತೆ ಅವನಿಗೆ ಮೊದಲು ಬಡಿಸಿ ಕಾಯಲಿಲ್ಲ. ಹಸಿದಿದ್ದಳು, ಎದುರಿಗೇ ಕುಳಿತಳು.

"ಏನಂದ್ರು?"

"ಇಟಗೊಂಡ್ರು. ಸೋಮವಾರ ಕೊಯ್ತಾರಂತ. ಸಣ್ಣದೈತಿ, ವ್ಯಾಳ್ಯಾಕ್ಕ ಬಂದೀರಿ ಅಂದ್ರು."

"ಆ ಮನಷ್ಯಾ ಏನ ಹೇಳಿದ, ದಾಕ್ತರ್ರಿಗೆ?"

"ಹೇಳಿದ್ಲು ಅಂದ. 'ವರ್ಷಾತು ಹೇಳಾಕ ಹತ್ತಿ' ಅಂದ." ಅವಳು ಅನ್ನಕ್ಕೆ ಮಜ್ಜಿಗೆ ಸುರುವಿಕೊಂಡಳು. ಸ್ವಲ್ಪ ಹೊತ್ತು ಇಬ್ಬರೂ ಉಂಡರು. "ಅಲ್ಲಿ ಕಾರಕೂನ ಕೇಳಿದ, ಊರಾಗ ಗುರತಿನವರು ಯಾರು ಅಂತ. ಪಾಪ, ಅವರಿಗೆ ಯಾರ ಅದಾರ? ನನ್ನ ಮಾರಿ ನೋಡಿದ್ರು."

"ಮತ್ತ?"

"ಸ್ಟೇಶನ್ ರಸ್ತಾ, ಹುಣಸಿಗಿಡದ ಮನಿ ಅಂದೆ. ಮನಿ ಬ್ಯಾಡ, ಯಜಮಾನರ ಹೆಸರ ಹೇಳ್ರಿ ಅಂದ."

ಮದುವೆಯಾದಾಗಿನಿಂದ ಅವಳು ಸತ್ಯಪ್ಪನ ಹೆಸರನ್ನು ಬಾಯಿಂದ ಆಡಿರಲಿಲ್ಲ. ಜನಗಣತಿಯ ಖಾನೇಸುಮಾರಿಯವರು ಬಂದಾಗ ರತ್ನಾಬಾಯಿಯನ್ನು ಕರೆದು ಹೇಳಿಸಿದ್ದಳು. ಗಂಡನ ಹೆಸರಿನ ಸೋದರಮಾವನೊಬ್ಬನಿದ್ದ, ಅವನನ್ನು ಕೂಡ 'ಚಿಂಚಲಿ ಮಾಮಾ' ಎಂದೇ ಕರೆಯುತ್ತಿದ್ದಳು.

"ಹೇಳಿದಿ?"

"ಹೇಳಿದೆ. ಹೇಳಾವ್ರು ಬ್ಯಾರೆ ಯಾರಿದ್ರು ಅಲ್ಲಿ?"

"ಹೆಂಗ ಹೇಳಿದಿ?"

"ಹೆಂಗಂದ್ರ? ಬಾಯಿಲೆ ಹೇಳಿದೆ. ಮೊದಲ ಕೇಳಿಸಲಿಲ್ಲ ಅವಂಗ. ಎರಡನೇ ಸಲ ಜೋರ ಹೇಳಿದೆ, ಖೋಲಿ ಮಂದಿ ಎಲ್ಲಾ ಹೊಳ್ಳಿ ನೋಡಿದ್ರು."

ಇಪ್ಪತ್ತೊಂಬತ್ತು, ಈಗ ಮೂವತ್ತು ವರ್ಷ. ಆ ಮೂರು ಅಕ್ಷರ ಅವಳ ದನಿಯಲ್ಲಿ ಹೇಗೆ ಕೇಳಿಸಿರಬಹುದೆಂದು ಅವನು ಊಹಿಸಲು ನೋಡಿದ, ಆಗಲಿಲ್ಲ. ಖೋಲಿಯ ಮಂದಿ, ತೇರದಾಳದ ರೈತ, ಯಾವನೋ ಕಾರಕೂನ ಎಲ್ಲರೂ ಕೇಳಿದ್ದು ತನಗೊಬ್ಬನಿಗೇ ತಪ್ಪಿಹೋಯಿತಲ್ಲ ಎಂದು ಅವನಿಗೆ ಮಗುವಿನಂಥ ದುಃಖವಾಯಿತು.

"ಇನ್ನೊಮ್ಮೆ ಹೇಳ," ಅಂದ, ಮೆಲ್ಲಗೆ.

ಗುರುಶಾಂತವ್ವ ತಲೆಯೆತ್ತಿ ಅವನನ್ನು ನೋಡಿದಳು. ಬಹಳ ದಿನಗಳ ಮೇಲೆ ಅವನನ್ನೇ, ನೇರವಾಗಿ, ಕಿಟಕಿಯನ್ನಲ್ಲ, ರಸ್ತೆಯನ್ನಲ್ಲ. ಅವಳ ಕಣ್ಣಿನ ಮೂಲೆ ನಗೆಯಿಂದ ಸಣ್ಣಗಾಯಿತು.

"ಅದು ಕಾರಕೂನಗ ಹೇಳಿದ್ದು. ನಿಮಗಲ್ಲ. ಉಣ್ರಿ."

ಅವನು ಉಂಡ. ಅನ್ನ ನಡುವೆ ಬೆಂದಿರಲಿಲ್ಲ. ಇಬ್ಬರೂ ಸಾವಕಾಶವಾಗಿ, ಅಗಿದು ಅಗಿದು ಉಂಡರು.